ಸಾಲಿ ಫರ್ಸಿ ಕಿತ್ತ ದಿನ

ನನ್ನ ತಲಿ ಮ್ಯಾಲ ಮೂರು ಕಡಿ ಹೊಲಿಗಿ ಬಿದ್ದಾವ. ಕೂದಲ ಉದುರಿ ಈಗ ಎಲ್ಲಾ ಬಯಲಿಗಿ ಬಂದಾವ. ಮೊಮ್ಮಗಳು ಎಣ್ಣಿ ಹಚ್ಚುವಾಗ ಒಂದೊಂದೇ ಮುಟ್ಟಿ ಕೇಳ್ತಾಳ, "ಮುತ್ಯಾ, ಇದು ಯಾರು ಹೊಡದಿದ್ದು?"

ಮೊದಲನೇದು ಶಹಾಬಾದ ಟೇಶನದ್ದು. ಹೆಣ್ಣು ನೋಡ್ಲಿಕ್ಕ ಬಂದ ಮಂದಿ ದಾರಿ ಕೇಳಿದ್ರು, ನಾ ಹವಾಲ್ದಾರನ ಮನಿ ತೋರಿಸಿ ಕಳಿಸಿದೆ. ಅವರು ಹೋಗಿ ಹವಾಲ್ದಾರನ ಹೆಂಡ್ತಿನ್ನ ಕೆಳಗ ಮ್ಯಾಲ ನೋಡಿ, ಹುಡುಗಿ ಜರಾ ವಯಸ್ಸಾದಂಗ ಕಾಣ್ತಾಳ ಅಂದ್ರಂತ. ಹವಾಲ್ದಾರ ಮೊದಲು ಅವರಿಗೆ ಬಡದ, ಆಮ್ಯಾಲ ನನ್ನ ಹುಡಕೊಂಡು ಬಂದು ಬಡದ. ಎರಡನೇದು ಖಣಿದಾಗ ಬಿದ್ದಿದ್ದು. ಕಲ್ಲು ಸಿಡಿಸೋ ಬಾರ ಹಾರಿಸೋ ಮೊದಲು ಒಬ್ಬ ಒದರಬೇಕು, ಎಲ್ಲಾರೂ ಓಡಬೇಕು, ಅದು ಖಣಿ ಕಾಯ್ದೆ. ಬಾರ ಇಲ್ಲದ ದಿನ ನಾ ಒದರಿದೆ. ಠೇಕೇದಾರ ಊಟದ ಡಬ್ಬಿ ಬಿಟ್ಟು ಓಡಿದ, ಅವನ ಕೋಳಿ ಸಾರು ನಾ ತಿಂದೆ. ತಿರುಗಿ ಬಂದವ ಸುತ್ತಿಗಿ ಬೀಸಿ ಒಗದ. ಮೂರನೇದು ಈಗ ಹೇಳೂದು.

ಇಂಥಾ ಮಸ್ಕಿರಿ ಮಾಡೋ ಮನಶ್ಯಾ ಶಹಾಬಾದಿಂದ ಸೇಡಂ ತನಕ ಇನ್ನೊಬ್ಬ ಹುಟ್ಟಿಲ್ಲ. ಇದು ನನ್ನ ಮಾತಲ್ಲ, ನನ್ನ ಕೈಲೆ ನೊಂದವರ ಮಾತು.

ನಮ್ಮೂರು ಶಹಾಬಾದಕ್ಕೂ ವಾಡಿಗೂ ನಡುವ ಅದ. ಗೇಣುದ್ದ ಅಗದ್ರ ಕಲ್ಲು. ನಮ್ಮಪ್ಪ ನೆಲಕ್ಕ ಹಾಸೋ ಫರ್ಸಿ ಒಡಿತಿದ್ದ, ನಾನೂ ನಲವತ್ತು ವರ್ಷ ಒಡದೀನಿ. ಖಣಿದಾಗ ಎಷ್ಟು ಫರ್ಸಿ ಒಡದಿ ಅಷ್ಟು ಕೂಲಿ. ಹಂಗಾಗಿ ಒಬ್ಬೊಬ್ಬನಿಗೂ ಒಂದೊಂದು ಖೂನ ಇರ್ತಿತ್ತು, ಗುರ್ತಿನ ಗೆರಿ. ಫರ್ಸಿ ತಳಕ್ಕ ಉಳಿಲೆ ಕೊರದು ಇಡಬೇಕು. ನಮ್ಮನಿದು ಒಂದು ಉದ್ದ ಗೆರಿ, ಬಾಜೂಕ ಚುಕ್ಕಿ. ನನ್ನ ಜೋಡಿ ಒಂದೇ ಗುಂಡಿದಾಗ ನಲವತ್ತು ವರ್ಷ ದುಡದ ದೋಸ್ತನ ಮನಿದು ಹಕ್ಕಿ ಕಾಲು. ಮೇಲಿನ ಓಣಿ ಮೀಸಿ ಮುದುಕನ ಮನಿದು ಎರಡು ಕೊಂಬು. ಅಕ್ಷರ ಬರದ ಮಂದಿಗಿ ಅದೇ ಸಹಿ. ಇನ್ನೊಬ್ಬನ ಖೂನ ಅಳಸಿ ತನ್ನದು ಕೊರದವನೊಬ್ಬ ಸಿಕ್ಕುಬಿದ್ದಾಗ, ಅವನ ಹೆಬ್ಬಟ್ಟು ಕಲ್ಲಿನ ಮ್ಯಾಲ ಇಟ್ಟು ಸುತ್ತಿಗಿಲೆ ಜಜ್ಜಿದ್ದು ನಾ ಸಣ್ಣಾಂವಿದ್ದಾಗ ನೋಡೀನಿ. ಟಮಾಟಿ ಹಂಗ ಒಡೀತು. ನಮ್ಮ ಮಂದಿ ಖೂನಿನ ಸಲುವಾಗಿ ಅಂಥಾವ್ರು.

ನಾ ಸಾಲಿಗಿ ಹೋಗುವಾಗ ಸಾಲಿ ನೆಲ ಬರೇ ಮಣ್ಣು. ಚೇಳು ಬರ್ತಿದ್ವು. ಸರ್ಕಾರ ಗ್ವಾಡಿ ಕಟ್ಟಿ ಕೊಟ್ಟಿತ್ತು, ನೆಲಕ್ಕ ರೊಕ್ಕ ಮುಗದಿತ್ತಂತ. ಮಾಸ್ತರ ಊರಾಗ ತಿರಗಿ ಮನಿಗೊಂದು ಫರ್ಸಿ ಕೇಳ್ದ. ನಮ್ಮಪ್ಪಂದಿರು ಕೊಟ್ರು. ತಮಗ ಒಂದಕ್ಷರ ಬರ್ತಿದ್ದಿಲ್ಲ, ಆದ್ರ ದಪ್ಪಂದು, ನೀಲಿ ಝಾಂಕಿಂದು ಆರಿಸಿ ಕೊಟ್ರು. ಅದೇ ಫರ್ಸಿ ಮ್ಯಾಲ ಮೊಣಕಾಲೂರಿಸಿ ಮಾಸ್ತರ ನನ್ನ ಬೆರಳಿನ ಗೆಣ್ಣು ರೂಲಿಲೆ ಬಡಿತಿದ್ದ. ಅವನ ಕುರ್ಚಿಗಿ ಅಂಟು ಹಚ್ಚಿದ್ದು ನಾನೇ, ಬಡಸ್ಕೊಳ್ಳೂದು ನ್ಯಾಯ ಇತ್ತು. ಆರನೇ ಕ್ಲಾಸಿಗಿ ನಾ ಸಾಲಿ ಬಿಟ್ಟು ಓಡಿದೆ. ಫರ್ಸಿ ಅಲ್ಲೇ ಉಳದ್ವು.

ಮೊನ್ನಿ ಮೊನ್ನಿ ತನಕ ನಮ್ಮೂರ ಸಾಲಿ ಏಳನೇ ಕ್ಲಾಸಿಗೇ ಮುಗಿತಿತ್ತು. ಎಂಟಕ್ಕ ವಾಡಿಗಿ ಹೋಗ್ಬೇಕು, ಸಿಮೆಂಟ ಲಾರಿ ಓಡೋ ರೋಡಿನ ಮ್ಯಾಲ ನಡಕೊಂಡು. ಗಂಡು ಹುಡುಗುರು ಹೋಗ್ತಾರ. ಹೆಣ್ಣು ಹುಡುಗ್ಯಾರ್ನ ಅರ್ಧಕ್ಕರ್ಧ ಮನ್ಯಾಗ ಕುಂದ್ರಸ್ತಾರ, ಇಲ್ಲಾ ಕಲ್ಲು ಹೊರಸ್ತಾರ. ನನ್ನ ಮೊಮ್ಮಗಳು ಹೋದ ವರ್ಷ ಏಳನೇ ಕ್ಲಾಸಿನಾಗಿದ್ಳು.

ಅವಳ ಅವ್ವ, ಅಂದ್ರ ನನ್ನ ಸೊಸಿ, ಚಿಂಚೋಳಿ ಕಡಿಯಾಕಿ, ಚಿಮ್ಮನಚೋಡದ ಬಲ್ಲಿ ಅಕಿ ತವರಮನಿ. ಸಿಟ್ಟು ಬಂದ್ರ ತೆಲುಗು ಕೂಡಿಸಿ ಬೈತಾಳ. ಅಕಿನ್ನ ಅವರಪ್ಪ ಏಳಕ್ಕೇ ಬಿಡಿಸಿದ್ದ. ಈಗ ಸಾಲಿ ಕಮಿಟಿ ಅಧ್ಯಕ್ಷಿ. ಚಿತ್ತಾಪುರಕ್ಕ ತಿರಗಿ ತಿರಗಿ, ಎರಡು ಕೋಣಿ ಮತ್ತ ಎಂಟನೇ ಕ್ಲಾಸು ಮಂಜೂರ ಮಾಡಿಸ್ಕೊಂಡು ಬಂದ್ಳು. ಶರತ್ತು ಒಂದೇ ಇತ್ತು: ಬಿದ್ದು ಹೋಗೋ ಹಳೇ ಕೋಣಿ ಊರವರು ಕಿತ್ತು ಜಾಗಾ ಸಾಫ ಮಾಡಬೇಕು, ಬುಧವಾರ ಇಂಜಿನಿಯರ ಬಂದಾಗ ಯಾವ ತಕರಾರೂ ಇರಬಾರ್ದು. ತಕರಾರು ಇದ್ರ ಆ ಮಂಜೂರಿ ಸೇಡಂ ಕಡಿ ಒಂದು ಊರಿಗಿ ಹೋಗ್ತದ. ಫರ್ಸಿಗೋಳು ಹುಡುಗುರು ಬಿಸಿಯೂಟಕ್ಕ ಕುಂದ್ರೋ ಕಟ್ಟಿ ಮ್ಯಾಲ ಹಾಕೂಣು ಅಂತ ಸೊಸಿ ಡಂಗುರ ಹೊಡಸಿದ್ಳು.

ಶನಿವಾರ ನಾವು ಮುದುಕರು ಚಾದಂಗಡಿ ಮುಂದ ಕುಂತಿದ್ವಿ.

"ಹುಡುಗುರಿಗೆ ಹಾಲು, ತತ್ತಿ, ಬೂಟು, ಪುಸ್ತಕ," ಅಂದ ಮೀಸಿ ಮುದುಕ. "ನಮಗ ಏನದ?"

"ನಿನಗ ತತ್ತಿ ಕೊಟ್ರ ಮೀಸಿಗಿ ಹಚ್ಕೋತಿ," ಅಂದೆ.

ನನ್ನ ದೋಸ್ತ ಕಪ್ಪು ಕೆಳಗಿಟ್ಟ. "ಮಸ್ಕಿರಿ ಸಾಕಲೇ. ನಾವು ಬೆನ್ನು ಮುರಕೊಂಡು ದುಡದೀವಿ, ಮಕ್ಕಳಿಗಿ ಹಾಕೀವಿ. ಈಗ ಸರ್ಕಾರ ಹಾಕೂದೂ ಮಕ್ಕಳಿಗೇ. ನಮ್ಮ ಪಾಲು ಎಲ್ಲಿ ಹೋತು?"

"ನಿಮ್ಮ ಪಾಲು ಸಾಲಿ ನೆಲದಾಗ ಬಿದ್ದದ," ಅಂದೆ. "ನಿಮ್ಮಪ್ಪಂದಿರ ಖೂನ ಅವ ಅದರ ಮ್ಯಾಲ. ಅಂಥಾ ದಪ್ಪ ಫರ್ಸಿ ಈಗ ಯಾ ಖಣಿದಾಗ ಸಿಗ್ತದ ಹೇಳು."

ಸುಮ್ನ ಕಡ್ಡಿ ಆಡಿಸಿದ್ದೆ, ಅಷ್ಟೇ. ಅಷ್ಟರಾಗ ಹಾಲಿನ ಪಾಕೀಟ ತಗೊಳ್ಳಾಕ ಬಂದ ಸೊಸಿ ಕೇಳಿಸ್ಕೊಂಡ್ಳು.

"ಮಾವ, ನಿಮಗ ತಿಂಗಳಾ ಮುದುಕರ ಪಗಾರ ಬರ್ತದಲ್ರಿ, ಅದು ಎಲ್ಲಿಂದ ಬರ್ತದ?"

"ಸರ್ಕಾರ ಕೊಡ್ತದ."

"ಸರ್ಕಾರಕ್ಕ ಹೊಲ ಅದ ಏನ್ರಿ, ಬಿತ್ತಿ ಬೆಳದು ಕೊಡ್ಲಿಕ್ಕ? ದುಡಿಯೋರ ಕೈಯಾಗಿಂದ ತಗೊಂಡು ಕೊಡ್ತದ. ನಿಮ್ಮ ಮೊಮ್ಮಗಳು ಏಳಕ್ಕ ಸಾಲಿ ಬಿಟ್ಟು ಕಲ್ಲು ಹೊತ್ರ ತನ್ನ ಹೊಟ್ಟಿಗೇ ಸಾಲೂದಿಲ್ಲ, ನಾಳಿ ಮುದುಕರಿಗಿ ಏನು ಕೊಡ್ತಾಳ? ನಿಮ್ಮಪ್ಪ ನಿಮ್ಮ ಕುಂಡಿ ಕೆಳಗ ಫರ್ಸಿ ಹಾಸಿದ್ರು. ಅವರಿಗಿ ನೀವು ಏನು ತಿರಗಿ ಕೊಟ್ರಿ? ಆರಕ್ಕೇ ಓಡಿ ಬಂದ್ರಿ."

ಚಾದಂಗಡಿ ಮಂದಿ ನಕ್ರು. ಮೀಸಿ ಮುದುಕ ಚಾ ಮೂಗಿನಾಗ ಏರಿಸ್ಕೊಂಡು ಕೆಮ್ಮಿದ. ಊರಿಗೆಲ್ಲಾ ನಾ ನಗಿಸಬೇಕು, ನನ್ನ ಮ್ಯಾಲ ಯಾರೂ ನಗಬಾರ್ದು. ನನ್ನ ಜಲ್ಮದ ಕಾಯ್ದೆ ಅದೊಂದೇ.

ಆಯ್ತವಾರ ಮಧ್ಯಾನ ಸಾಲಿ ಖಾಲಿ ಇತ್ತು. ಒಂದು ಡಬ್ಬಿ ಕೆಮ್ಮಣ್ಣು ಕಲಸ್ಕೊಂಡು ಹೋದೆ. ಯಾವ ಫರ್ಸಿ ಯಾರದು ನನಗೇನು ಗೊತ್ತು, ಖೂನ ಇರೂದು ತಳಕ್ಕ. ನಾ ಮ್ಯಾಲ ತಿಳದಂಗ ಗೀಚಿದೆ. ಹಕ್ಕಿ ಕಾಲು, ಕೊಂಬು, ಕುಡಗೋಲು, ಮೀನು. ಬಾಗಿಲ ಬಲ್ಲಿ ಎಲ್ಲಾಕಿನ್ನ ದೊಡ್ಡ ಫರ್ಸಿ ಇತ್ತು. ಅದರ ಒಂದು ಮೂಲಿಗಿ ಹಕ್ಕಿ ಕಾಲು, ಇನ್ನೊಂದು ಮೂಲಿಗಿ ಎರಡು ಕೊಂಬು ಬರದೆ. ದೋಸ್ತಗ ಹೋಗಿ, ಬಾಗಿಲ ಬಲ್ಲಿಂದು ನಿಮ್ಮಪ್ಪಂದಲೇ ಅಂದೆ. ಮೀಸಿ ಮುದುಕಗೂ ಅದೇ ಮಾತು ಅಂದೆ. ಅಂದು ಬಂದು ಸೊಸಿ ಮಾಡಿದ ರೊಟ್ಟಿ ನಾಕು ತಿಂದು ಮಲಕೊಂಡೆ. ಅಷ್ಟು ಚಂದ ನಿದ್ದಿ ಮತ್ತ ಬಂದಿಲ್ಲ.

ಸೋಮವಾರ ಮುಂಜಾನಿ ಹುಡುಗುರು ಬೇವಿನ ಗಿಡದ ಕೆಳಗ ಪ್ರಾರ್ಥನಿಗಿ ನಿಂತಿದ್ರು. ಅವರಿಬ್ಬರ ಓಣಿಗೂ ಸುದ್ದಿ ಹಬ್ಬಿ, ಎರಡೂ ಓಣಿ ಮುದುಕರು ಕಬ್ಬಿಣದ ಹಾರಿ ಹಿಡಕೊಂಡು ಬಂದ್ರು, ಹಿಂದ ಅವರ ಮಕ್ಕಳು. ನಾ ಗ್ವಾಡಿ ಮ್ಯಾಲ ಏರಿ ಕುಂತೆ, ಆಟ ನೋಡ್ಲಿಕ್ಕ.

"ಇದು ನಮ್ಮಪ್ಪಂದು," ಅಂತ ದೋಸ್ತ ಹಾರಿ ಚುಚ್ಚಿದ.

"ನಿಮ್ಮಪ್ಪ ಜಲ್ಮದಾಗ ಇಂಥಾದು ಒಡದಿಲ್ಲ," ಅಂದ ಮೀಸಿ ಮುದುಕ. "ನಿಮ್ಮಪ್ಪ ಒಡದ ಫರ್ಸಿ ಮ್ಯಾಲ ಮ್ಯಾಕಿ ನಿಂತ್ರ ಮುರೀತಿತ್ತು."

"ಸತ್ತವನ ಸುದ್ದಿ ಎತ್ತಬ್ಯಾಡ."

"ಎತ್ತತೀನಿ. ಏನು ಕಿತ್ಕೋತಿ?"

ದೋಸ್ತ ಏನೂ ಕಿತ್ಕೊಳ್ಲಿಲ್ಲ. ಹಾರಿ ಅಡ್ಡ ತಿರಗಿಸಿ ಅವನ ಬಾಯಿಗಿ ಹಾಕ್ದ. ಇದ್ದ ಎರಡು ಹಲ್ಲಿನಾಗ ಒಂದು ಸಿಡದು ಮೀಸ್ಯಾಗ ಸಿಕ್ತು. ನಾ ಹೊಟ್ಟಿ ಹಿಡಕೊಂಡು ನಕ್ಕೆ. ಮೀಸಿ ಮುದುಕನ ಮಗ ದೋಸ್ತನ ಮಗನ ಕುತ್ತಿಗಿ ಹಿಡದು ಕಿಟಕಿ ಸರಳಿಗಿ ಮಾರಿ ಜಜ್ಜಿದ. ಮೂಗಿಂದ ರಕ್ತ ಧಾರಿ ಹರೀತು. ಆ ಕಡಿಯಿಂದ ಕಲ್ಲು ಬಂದ್ವು, ಈ ಕಡಿಯಿಂದ ಬಡಗಿ, ದೊಣ್ಣಿ. ಹುಡುಗುರು ಚೀರ್ಕೋತ ಗಿಡದ ಹಿಂದ ಓಡಿದ್ರು.

ಇದರ ನಡುವ ನಾಕು ಮಂದಿ ಹಾರಿ ಹಾಕಿ ಆ ದೊಡ್ಡ ಫರ್ಸಿ ಎಬ್ಬಿಸಿ ತಿರುವಿ ಹಾಕಿದ್ರು. ಎಲ್ಲಾರೂ ಬಗ್ಗಿ ನೋಡಿದ್ರು. ತಳಕ್ಕ ಖೂನ ಇದ್ದಿಲ್ಲ. ಖೂನ ಇರೋ ಜಾಗಾದಾಗ ಉಳಿಲೆ ಕುಟ್ಟಿ ಕುಟ್ಟಿ ತಗ್ಗು ಮಾಡಿದ್ರು. ಇನ್ನೊಂದು ಎಬ್ಬಿಸಿದ್ರು. ಅದಕ್ಕೂ ಹಂಗೇ ತಗ್ಗು. ಮೂರನೇದಕ್ಕೂ.

ಇಲ್ಲಿ ತನಕ ಹೊಟ್ಟ್ಯಾಗ ಇಟ್ಕೊಂಡಿದ್ದು ಒಂದು ಹೇಳ್ತೀನಿ. ನನಗ ಗೊತ್ತಿತ್ತು. ನಮ್ಮಪ್ಪ ಸಾಲಿಗಿ ಫರ್ಸಿ ಹೇರೋ ದಿನ ಬಂಡಿ ಬಲ್ಲಿ ಕುಂತು ತನ್ನ ಖೂನ ತಾನೇ ಕುಟ್ಟಿ ಅಳಸಿದ್ದ. ಬಾಜೂಕ ನಿಂತು ನೋಡಿದಾಂವ ನಾ. "ಯಾಕ ಅಳಸ್ತಿ?" ಅಂತ ಕೇಳ್ದೆ. ಉಳಿ ಹಿಡದ ಕೈಲೆ ಕಪಾಳಕ್ಕ ಒಂದು ಕೊಟ್ಟ, ಕಿವಿ ಗುಂಯ್ ಅಂತು. "ಖೂನ ಇದ್ರ ನಾಳಿ ನೀ ಕೇಳಾಕ ಬರ್ತಿ," ಅಂದ. ಉಳದವರೂ ಅವತ್ತು ಸಾಲಾಗಿ ಕುಂತು ಕುಟ್ಟಾಕತ್ತಿದ್ರು. ನಾ ಕೆಮ್ಮಣ್ಣು ಕಲಸುವಾಗೂ ಇದು ನೆನಪಿತ್ತು. ನೆನಪಿದ್ದೂ ಗೀಚಿದೆ, ಯಾಕಂದ್ರ ಆಟ ಭಾಳ ಚಂದಿತ್ತು.

ಖೂನ ಇಲ್ಲಂದ್ರ ಜಗಳ ನಿಲ್ಲಬೇಕಿತ್ತು. ಇನ್ನೂ ಏರ್ತು. "ನಮ್ಮಪ್ಪನ ಖೂನ ಅಳಸೀರಿ" ಅಂತ ಇವರು, "ನೀವೇ ಅಳಸೀರಿ" ಅಂತ ಅವರು. ಖೂನ ಅಳಸೂದಂದ್ರ ನಮ್ಮಲ್ಲಿ ಹೆಬ್ಬಟ್ಟು ಜಜ್ಜೋ ಸುದ್ದಿ. ನಿಲ್ಲಿಸಿದ್ದ ಫರ್ಸಿ ಒಂದು ಯಾರೋ ದಬ್ಬಿದ್ರು, ಅದು ಬಂದು ದೋಸ್ತನ ಪಾದದ ಮ್ಯಾಲ ಬಿತ್ತು. ಅವ ಒದರಿದ್ದು ನನ್ನ ಹೆಸರು ಹಿಡದು. ಎತ್ತಿದಾಗ ಎರಡು ಬೆರಳು ಫರ್ಸಿಗಿ ಅಂಟಿದ್ವು.

ಆಗ ನಾ ಗ್ವಾಡಿ ಇಳದೆ. ಬಿಡಿಸ್ಲಿಕ್ಕ ಇಳದೆ ಅಂತ ಹೇಳ್ಬಹುದು, ಆದ್ರ ಸುಳ್ಳ. ದೋಸ್ತನ ರಕ್ತ ನೋಡಿ ತಲಿ ಕೆಟ್ಟಿತ್ತು. ಕೈಗಿ ಒಂದು ಸುತ್ತಿಗಿ ಕಾವು ಸಿಕ್ತು. ಮೀಸಿ ಮುದುಕನ ತಲಿಗಿ ಗುರಿ ಹಿಡದು ಬೀಸಿದೆ. ನಡುವ ಸೊಸಿ ಬಂದ್ಳು, ಬಲಗೈ ಎತ್ತಿ. ಒಣಗಿದ ತೊಗರಿ ಕಟಗಿ ಮುರದಂಗ ಸಪ್ಪಳಾತು.

ಕೈ ಮೊಣಕೈ ಕೆಳಗ ಇನ್ನೊಂದು ಕಡಿ ಬಗ್ಗಿತ್ತು. ಅಕಿ ಆ ಕೈ ಎಡಗೈಲೆ ಎತ್ತಿ ಹಿಡಕೊಂಡು ನನ್ನ ಮಾರಿ ನೋಡಿದ್ಳು. ಬೇವಿನ ಗಿಡದ ಹಿಂದಿಂದ ಮೊಮ್ಮಗಳೂ ನೋಡಿದ್ಳು.

ಶಹಾಬಾದ ದವಾಖಾನಿದಾಗ ಪಟ್ಟಿ ಹಾಕಿದ್ರು. ಮಗ ವಾಡಿ ಫ್ಯಾಕ್ಟರಿದಾಗ ಪಾಳಿಗಿ ಹೋಗಿದ್ದ, ನಾನೇ ಜೋಡಿ ಹೋಗಿದ್ದೆ. ಪೊಲೀಸರು ಬಂದು ಯಾರು ಹೊಡದ್ರು ಅಂತ ಕೇಳಿದ್ರು.

"ಫರ್ಸಿ ಜಾರಿ ಬಿತ್ರಿ," ಅಂದ್ಳು.

"ಆ ಮುದುಕನ ಪಾದ?"

"ಅದೂ ಫರ್ಸಿನೇ ರಿ."

ಅವರು ಹೋದ ಮ್ಯಾಲ ನಾ ಏನೋ ಅನ್ನಾಕ ಬಾಯಿ ತಗದೆ. ಅಕಿ ಕಣ್ಣು ಮುಚ್ಕೊಂಡೇ ಅಂದ್ಳು, "ನಿಮ್ಮ ಸಲುವಾಗಿ ಹೇಳಿಲ್ಲ ಮಾವ. ಕೇಸ ಬರಕೊಂಡ್ರ ಜಾಗಾ ತಕರಾರಿಂದು ಆಗ್ತದ. ನಮ್ಮಪ್ಪ ನನ್ನ ಸಾಲಿ ಬಿಡಿಸಿದಾಗ ಕೈ ಮುರದಿದ್ದಿಲ್ಲ. ಇಷ್ಟೇ ಫರಕು."

ಮಂಗಳವಾರ ಮುಂಜಾನಿ ಎರಡೂ ಓಣಿ ಮಂದಿ ಇನ್ನೂ ಸಾಲ್ಯಾಗೇ ಇದ್ರು. ಹೊಡದಾಟ ನಿಂತಿತ್ತು. ಆದ್ರ ತಮ್ಮ ತಮ್ಮ ಗುರ್ತು ಹಾಕಿದ ಫರ್ಸಿ ಮ್ಯಾಲ ಹಾರಿ ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ರು. ದೋಸ್ತ ಪಾದಕ್ಕ ಬಟ್ಟಿ ಸುತ್ಕೊಂಡು, ಕಂಕುಳಾಗ ಬಡಗಿ ಹಿಡದು ಬಾಗಿಲ ಬಲ್ಲಿ ಕುಂತಿದ್ದ. ನಾಳಿ ಇಂಜಿನಿಯರ ಬಂದು ಇದನ್ನ ನೋಡಿದ್ರ ಸಾಕಿತ್ತು, ಅಲ್ಲಿಂದೇ ಸೇಡಂ ಕಡಿ ಹೊಂಟು ಬಿಡ್ತಿದ್ದ.

ನಾ ನಡುವ ನಿಂತೆ. ಎಲ್ಲಾ ಹೇಳಿದೆ. ಕೆಮ್ಮಣ್ಣು ನಂದು, ಗೀಚಿದ್ದು ನಾ, ಖೂನ ಅಳಸಿದವರು ನಿಮ್ಮಪ್ಪಂದಿರು.

ಒಬ್ಬರೂ ನಂಬಲಿಲ್ಲ. ಮೀಸಿ ಮುದುಕ ಕಾಲಾಗಿನ ಚಪ್ಪಲ ತಗದು ಎದಿಗಿ ಒಗದ. "ಸೊಸಿ ಕೈ ಮುರದಿ, ಈಗ ಅಕಿ ಸಲುವಾಗಿ ಹೊಸ ಕತಿ ಕಟ್ಟಿ ತಂದಿ." ಐವತ್ತು ವರ್ಷ ಸುಳ್ಳ ಹೇಳಿ ನಗಿಸಿದವಗ ಒಂದಿನ ಖರೇ ಹೇಳೂದು ಎಷ್ಟು ಕಷ್ಟ ಅಂತ ನನಗ ಅವತ್ತೇ ತಿಳದಿದ್ದು.

"ನನ್ನ ಮಾತು ನಂಬಬ್ಯಾಡ್ರಿ," ಅಂದೆ. "ಗಚ್ಚು ನೋಡ್ರಿ."

ನೆಲಕ್ಕ ಫರ್ಸಿ ಕೂಡಿಸುವಾಗ ಕೆಳಗ ಹಸೀ ಸುಣ್ಣದ ಗಚ್ಚು ಹಾಕ್ತಾರ. ಫರ್ಸಿ ತಳದಾಗ ತಗ್ಗಿದ್ರ ಗಚ್ಚು ಆ ತಗ್ಗಿನಾಗ ಏರಿ ಗಟ್ಟಿ ಆಗ್ತದ. ಎಬ್ಬಿಸಿದ ಫರ್ಸಿ ಜಾಗಾ ತೋರಿಸಿದೆ. ಕೆಳಗಿನ ಗಚ್ಚಿನ ಮ್ಯಾಲ ನಿಂಬಿಕಾಯಿ ಅಷ್ಟು ಗುಬಟಿ ಎದ್ದಿತ್ತು. ಫರ್ಸಿ ತಂದು ಮ್ಯಾಲ ಇಟ್ರ ಗುಬಟಿ ತಗ್ಗಿನಾಗ ಬರೋಬರಿ ಕೂಡ್ತದ. ಅಂದ್ರ ಫರ್ಸಿ ಹಾಕೋ ಮೊದಲೇ ತಗ್ಗು ಕುಟ್ಟಿದ್ರು. ನಿನ್ನಿ ಮೊನ್ನಿ ಅಳಸಿದ್ರ ಗಚ್ಚು ಸಪಾಟ ಇರ್ಬೇಕಿತ್ತು. ಇದನ್ನ ಇಂಜಿನಿಯರಗ ಬಿಡಿಸಿ ಹೇಳ್ಬೇಕಾಗ್ತಿತ್ತು. ನಮ್ಮ ಮಂದಿಗಿ ಬೇಕಿಲ್ಲ.

ಮೀಸಿ ಮುದುಕ ಎದ್ದು ಬಂದು ಮೊಣಕಾಲೂರಿ ಕುಂತ. ಬೆರಳು ಗುಬಟಿ ಮ್ಯಾಲ ಆಡಿಸಿದ. ಇನ್ನೊಂದು ಎಬ್ಬಿಸು ಅಂದ, ಎಬ್ಬಿಸಿದ್ರು. ಅಲ್ಲೂ ಗುಬಟಿ ಇತ್ತು. ಮತ್ತೊಂದಕ್ಕ ತಾನೇ ಹಾರಿ ಹಾಕ್ದ, ಅಲ್ಲೂ ಇತ್ತು.

"ನಮ್ಮಪ್ಪ ಮನ್ಯಾಗ ಒಂದು ಬೀಡಿ ಯಾರಿಗೂ ಬಿಡ್ತಿದ್ದಿಲ್ಲ," ಅಂದ ಮೀಸಿ ಮುದುಕ, ಬಾಯಿ ಬಾತಿದ್ದಕ್ಕ ತೊದಲಕೋತ. "ಖೂನ ಅಳಸಿ ಹೆಂಗ ಕೊಟ್ಟಾ?"

"ನಿನ್ನ ನೋಡಿದ್ದ, ಅದಕ್ಕ," ಅಂದ ದೋಸ್ತ. ನಕ್ರು ಒಂದಿಬ್ಬರು. ಮೀಸಿ ಮುದುಕನೂ ನಗಾಕ ಹೋಗಿ ದವಡಿ ಹಿಡಕೊಂಡ.

ಆಮ್ಯಾಲ ದೋಸ್ತ ನನ್ನ ಕಡಿ ಹೊಳ್ಳಿದ. "ನಿನಗ ಗೊತ್ತಿತ್ತು?"

"ಗೊತ್ತಿತ್ತು."

"ಗ್ವಾಡಿ ಮ್ಯಾಲ ಕುಂತಾಗೂ?"

"ಹೌದು."

ಕಂಕುಳಾಗಿನ ಬಡಗಿ ಎತ್ತಿ ತಲಿಗಿ ಹಾಕ್ದ. ಒಂದು ಕಾಲ ಮ್ಯಾಲ ನಿಂತು ಅಷ್ಟು ಜೋರು ಹೊಡಿಯೋದು ಸಾದಾ ಮನಶ್ಯಾನ ಕೆಲಸಲ್ಲ, ನನ್ನ ಜೋಡಿದಾರ ಅವ. ಹೊಡದು ತಾನೂ ಬಿದ್ದ. ಬಿದ್ದವನ್ನ ಎತ್ಲಿಕ್ಕ ನಾ ಬಗ್ಗಿದಾಗ ಹಿಂದಿಂದ ಮೀಸಿ ಮುದುಕ ಒದ್ದ, ಆಮ್ಯಾಲ ಅವನ ಮಗ, ಆಮ್ಯಾಲ ಯಾರ್ಯಾರೋ. ಕಣ್ಣಾಗ ರಕ್ತ ಇಳದು ಎಣಸೂದು ಬಿಟ್ಟೆ. ಕೈ ಅಡ್ಡ ಹಿಡೀಲಿಲ್ಲ. ಆ ವಯಸ್ಸಿನಾಗ ಅಷ್ಟು ಬಡಸ್ಕೊಂಡು ತಾನೇ ಎದ್ದು ನಿಂತಾಂವ ಈ ತಾಲೂಕಿನಾಗ ನಾ ಒಬ್ಬನೇ.

ಬಡದು ಸಾಕಾದ ಮ್ಯಾಲ ಅವರೇ ಕೆಲಸಕ್ಕ ಹತ್ತಿದ್ರು. ಹೊತ್ತು ಮುಳಗೋ ಮೊದಲು ಎಲ್ಲಾ ಫರ್ಸಿ ಕಿತ್ತು, ಗ್ವಾಡಿ ಕೆಡವಿ, ಜಾಗಾ ಸಾಫ ಮಾಡಿದ್ರು. ಫರ್ಸಿ ಬೇವಿನ ಗಿಡದ ಬಲ್ಲಿ ಸಾಲಾಗಿ ಒಟ್ಟಿದ್ರು. ಕೆಮ್ಮಣ್ಣಿನ ಗೆರಿ ತಿಕ್ಕಿ ತೊಳ್ಯೋ ಕೆಲಸ ನನಗ ಹಚ್ಚಿದ್ರು. ತಲಿಗಿ ಹೊಲಿಗಿ ಹಾಕಿಸ್ಕೊಂಡು ಬಂದು ತೊಳದೆ.

ಬುಧವಾರ ಇಂಜಿನಿಯರ ಬಂದ. ಟೇಪು ಹಿಡದು ಜಾಗಾ ಅಳದ. ನಮ್ಮ ಮಾರಿಗೋಳು ನೋಡಿದ: ಬಾತ ಬಾಯಿ, ಒಡದ ಮೂಗು, ಕಟ್ಟಿದ ಪಾದ, ನನ್ನ ತಲಿ.

"ಏನ್ರಿ ಇದು, ಜಗಳ ಏನರೆ ಆಗ್ಯದೇನು?"

"ಫರ್ಸಿ ವಜನ್ ಭಾಳ ಸಾಹೇಬ್ರ," ಅಂದ ಮೀಸಿ ಮುದುಕ. ಎಲ್ಲಾರೂ ತಲಿ ಹಾಕಿದ್ರು.

ಜಾಗಾ ಬಿಟ್ಟು ಕೊಡೋ ಕಾಗದಕ್ಕ ಕಮಿಟಿ ಅಧ್ಯಕ್ಷಿ ಸಹಿ ಬೇಕಿತ್ತು. ಸೊಸಿ ಬಲಗೈ ಪಟ್ಟಿದಾಗಿತ್ತು. ಇಂಜಿನಿಯರ ಬ್ಯಾಗಿನಾಗಿಂದ ಶಾಯಿ ಡಬ್ಬಿ ತಗದ. "ಹೆಬ್ಬಟ್ಟು ಒತ್ತಿ ಬಿಡವ್ವ, ನಡಿತದ."

"ಒತ್ತೂದಿಲ್ರಿ," ಅಂದ್ಳು. "ಪೆನ್ನು ಕೊಡ್ರಿ."

ಎಡಗೈಯಾಗ ಪೆನ್ನು ಹಿಡದ್ಳು. ಬರ್ಯಾಕ ಹೋದ್ರ ಹಾಳಿ ಸರೀತದ, ಒತ್ತಿ ಹಿಡೀಲಿಕ್ಕ ಇನ್ನೊಂದು ಕೈ ಇಲ್ಲ. ಇಂಜಿನಿಯರ ಹಿಡೀಲಿಕ್ಕ ಬಂದ. ಅಕಿ ಅವನ್ನ ಬ್ಯಾಡ ಅಂದ್ಳು. ಸೋಮವಾರದಿಂದ ನನ್ನ ಮಾರಿ ನೋಡಿದ್ದಿಲ್ಲ, ಆಗೂ ನೋಡ್ಲಿಲ್ಲ.

"ಮಾವ, ಬಂದು ಹಾಳಿ ಹಿಡೀರಿ."

ಹೋಗಿ ಎರಡೂ ಕೈಲೆ ಒತ್ತಿ ಹಿಡದೆ. ಒಂದೊಂದಕ್ಷರಕ್ಕ ನಿಂತು ನಿಂತು ಬರದ್ಳು, ಒಂದನೇ ಕ್ಲಾಸಿನ ಹುಡುಗುರು ಬರದಂಗ ಸೊಟ್ಟ. ಮೂರನೇ ಅಕ್ಷರಕ್ಕ ಪೆನ್ನು ಜಾರಿ ನನ್ನ ಬೆರಳಿಗಿ ಚುಚ್ತು.

"ಅಲಗಬ್ಯಾಡ್ರಿ," ಅಂದ್ಳು.

ನಾ ಅಲಗಲಿಲ್ಲ.